ಗರ್ಭಕೋಶದ ಪರೀಕ್ಷೆಯೂ ನಾಲ್ಕು ಮಿಲಿಮೀಟರಿನ ಅಂಕಿಯೂ

ಮುಟ್ಟು ನಿಂತು ಹತ್ತು ವರ್ಷಗಳಾದ ಗೃಹಿಣಿಯೊಬ್ಬಳು ಊಟವಾದ ಮೇಲೆ ಹೊಟ್ಟೆ ನೋಯುತ್ತದೆಂದು ವೈದ್ಯರಲ್ಲಿಗೆ ಹೋಗುತ್ತಾಳೆ. ಪಿತ್ತಕೋಶದಲ್ಲಿ ಕಲ್ಲೇನಾದರೂ ಇದ್ದೀತೆಂದು ವೈದ್ಯರು ಸ್ಕ್ಯಾನಿಂಗ್ ಮಾಡಿಸುತ್ತಾರೆ. ಕಲ್ಲು ಕಾಣುವುದಿಲ್ಲ. ಆದರೆ ವರದಿಯ ಕೊನೆಯಲ್ಲಿ, ಯಾರೂ ಕೇಳದಿದ್ದ ಪ್ರಶ್ನೆಗೆ ಉತ್ತರವೋ ಎಂಬಂತೆ, ಗರ್ಭಕೋಶದ ಒಳಪೊರೆಯು ೬ ಮಿಲಿಮೀಟರ್ ದಪ್ಪವಾಗಿದೆ ಎಂಬ ಒಂದು ಸಾಲು ದಪ್ಪಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅಂದಿನಿಂದ ಆ ಮನೆಯವರಿಗೆ ನಿದ್ದೆಯಿಲ್ಲ. ಹೊಟ್ಟೆಯ ನೋವನ್ನು ಎಲ್ಲರೂ ಮರೆತುಬಿಡುತ್ತಾರೆ. "ಇನ್ನು ಗರ್ಭಕೋಶವಿದ್ದು ಪ್ರಯೋಜನವೇನು, ತೆಗೆಸಿಬಿಡುವುದೇ ಮೇಲು" ಎಂದು ನೆರೆಹೊರೆಯವರು ಸಲಹೆ ಕೊಡುತ್ತಾರೆ.

ಅದೇ ಊರಿನ ಮತ್ತೊಂದು ಬೀದಿಯಲ್ಲಿ ಅದೇ ವಯಸ್ಸಿನ ಇನ್ನೊಬ್ಬಳಿದ್ದಾಳೆ. ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ಒಂದು ದಿನ ಬಟ್ಟೆಯಲ್ಲಿ ರಕ್ತದ ಕಲೆ ಕಂಡು ಆಕೆ ಬೆಚ್ಚುತ್ತಾಳೆ. ಉಷ್ಣವಾಗಿರಬೇಕೆಂದು ಎಳನೀರು ಕುಡಿಯುತ್ತಾಳೆ. ಎರಡು ದಿನಗಳಲ್ಲಿ ಕಲೆ ನಿಲ್ಲುತ್ತದೆ. ಮಗನಿಗೆ ಹೇಳಲು ನಾಚಿಕೆ, ಸೊಸೆಗೆ ಹೇಳಲು ಸಂಕೋಚ. ಆರು ತಿಂಗಳು ಹಾಗೆಯೇ ಕಳೆಯುತ್ತವೆ.

ಈ ಇಬ್ಬರನ್ನು ನಾನು ಕಲ್ಪಿಸಿ ಹೇಳಿದ್ದೇನೆ. ಆದರೆ ಇಂಥವರನ್ನು ಕಾಣದ ವಾಚಕರು ವಿರಳವೆಂದೇ ನನ್ನ ನಂಬಿಕೆ. ಮೊದಲನೆಯವಳಿಗಿರುವ ಭಯ ಎರಡನೆಯವಳಿಗಿಲ್ಲ, ಇರಬೇಕಾದುದು ಎರಡನೆಯವಳಿಗೆ. ಋತುಬಂಧದ ಅನಂತರ ಗರ್ಭಕೋಶದ ಸ್ಕ್ಯಾನಿಂಗ್ ವರದಿಯಲ್ಲಿ ಕಾಣುವ ಅಂಕಿಗೆ ತನ್ನಷ್ಟಕ್ಕೆ ತಾನೇ ಅರ್ಥವಿಲ್ಲ. ರಕ್ತಸ್ರಾವವಾಗಿದೆಯೇ ಇಲ್ಲವೇ ಎಂಬ ಪ್ರಶ್ನೆಯ ಜೊತೆಯಲ್ಲಿಟ್ಟು ಓದಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಈ ಅಭಿಪ್ರಾಯಕ್ಕೆ ಆಧಾರಗಳೇನೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಯಂತ್ರದ ವಿಚಾರ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗಿನ ಧ್ವನಿ ಕೇಳಿಸುತ್ತದೆ. ಅದಕ್ಕೂ ಮೇಲಿನದು ಶ್ರವಣಾತೀತ ಧ್ವನಿ. ಯೋನಿಯ ಮಾರ್ಗವಾಗಿ ಗರ್ಭಕೋಶವನ್ನು ಪರೀಕ್ಷಿಸುವ ಉಪಕರಣದ ಧ್ವನಿಯು ಸೆಕೆಂಡಿಗೆ ೫೦ ಲಕ್ಷದಿಂದ ೯೦ ಲಕ್ಷ ಸಲ ಕಂಪಿಸುತ್ತದೆ. ಈ ಧ್ವನಿಯು ದೇಹದ ಮೃದು ಭಾಗಗಳಲ್ಲಿ ಸೆಕೆಂಡಿಗೆ ಸುಮಾರು ೧,೫೪೦ ಮೀಟರ್ ವೇಗದಲ್ಲಿ ಸಾಗಿ, ಒಂದು ಪದರವು ಮುಗಿದು ಇನ್ನೊಂದು ಮೊದಲಾಗುವಲ್ಲಿ ಸ್ವಲ್ಪ ಭಾಗ ಪ್ರತಿಧ್ವನಿಸಿ ಹಿಂದಿರುಗುತ್ತದೆ. ಹಿಂದಿರುಗಲು ಹಿಡಿದ ಕಾಲವನ್ನು ಅಳೆದು ಯಂತ್ರವು ದೂರವನ್ನು ಲೆಕ್ಕಹಾಕುತ್ತದೆ. ೪ ಮಿಲಿಮೀಟರ್ ದಪ್ಪದ ಪೊರೆಯ ಒಂದು ಅಂಚಿನ ಪ್ರತಿಧ್ವನಿಗೂ ಇನ್ನೊಂದು ಅಂಚಿನ ಪ್ರತಿಧ್ವನಿಗೂ ನಡುವಣ ಅಂತರ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ಐದು ಭಾಗ ಮಾತ್ರ. ಇಷ್ಟು ಸೂಕ್ಷ್ಮವಾದ ಅಳತೆಯನ್ನು ಚರ್ಮಕ್ಕೆ ಒಂದು ಗೀರೂ ಬೀಳದಂತೆ ಮಾಡುವುದು ನಿಜಕ್ಕೂ ಆಶ್ಚರ್ಯದ ಸಂಗತಿಯೇ ಸರಿ.

ಈ ವಿದ್ಯೆಯನ್ನು ಸ್ತ್ರೀರೋಗ ಚಿಕಿತ್ಸೆಗೆ ತಂದವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್ ಅವರು. ಲೋಹದ ಬೆಸುಗೆಯಲ್ಲಿ ಬಿರುಕು ಹುಡುಕಲು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಯಂತ್ರವನ್ನು ಕಂಡ ಅವರು, ೧೯೫೫ರಲ್ಲಿ ಶಸ್ತ್ರಚಿಕಿತ್ಸೆಯಿಂದ ಹೊರತೆಗೆದ ಗೆಡ್ಡೆಗಳನ್ನು ಬಾಯ್ಲರ್ ತಯಾರಿಸುವ ಒಂದು ಕಾರ್ಖಾನೆಗೆ ಒಯ್ದು ಅದರಿಂದ ಪರೀಕ್ಷಿಸಿದರು. ಜಾನ್ ಮ್ಯಾಕ್‌ವಿಕಾರ್ ಮತ್ತು ಯಂತ್ರಜ್ಞ ಟಾಮ್ ಬ್ರೌನ್ ಅವರೊಡನೆ ಬರೆದ ಅವರ ಪ್ರಸಿದ್ಧ ಪ್ರಬಂಧ ೧೯೫೮ರ ಜೂನ್ ತಿಂಗಳಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ವಾಸಿಯಾಗದ ಅರ್ಬುದವೆಂದು ಇತರರು ಕೈಬಿಟ್ಟಿದ್ದ ಒಬ್ಬ ಸ್ತ್ರೀಯ ಹೊಟ್ಟೆಯಲ್ಲಿ ಇದ್ದುದು ತೆಗೆದುಹಾಕಬಹುದಾದ ನೀರುಗುಳ್ಳೆಯೆಂದು ಈ ಯಂತ್ರ ತೋರಿಸಿಕೊಟ್ಟಿತು. ಹೀಗೆ ಈ ಯಂತ್ರದ ಆರಂಭದ ಕೀರ್ತಿಯೇ ಒಬ್ಬ ಹೆಂಗಸಿನ ಸುಳ್ಳು ಭಯವನ್ನು ಕಳೆದುದರಿಂದ ಬಂದಿತು. ಇಂದು ಅದೇ ಯಂತ್ರದ ಅಂಕಿಯೊಂದು ಸುಳ್ಳು ಭಯವನ್ನು ಹುಟ್ಟಿಸುವುದಾದರೆ ತಪ್ಪು ಯಂತ್ರದ್ದಲ್ಲ, ಅಂಕಿಯನ್ನು ಓದುವವರದು.

ಇನ್ನು ಒಳಪೊರೆಯ ವಿಚಾರ. ಗರ್ಭಕೋಶದ ಒಳಗೋಡೆಗೆ ಹೊದಿಸಿದಂತಿರುವ ಈ ಪೊರೆಯು ಪ್ರಾಯದಲ್ಲಿ ಪ್ರತಿ ತಿಂಗಳೂ ಈಸ್ಟ್ರೋಜನ್ ಎಂಬ ಹಾರ್ಮೋನಿನ ಪ್ರಭಾವದಿಂದ ಬೆಳೆದು, ಗರ್ಭ ನಿಲ್ಲದಿದ್ದಲ್ಲಿ ಮುಟ್ಟಿನ ರೂಪದಲ್ಲಿ ಕಳಚಿಹೋಗುತ್ತದೆ. ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಕಾಣದಿದ್ದರೆ ಋತುಬಂಧವಾಯಿತೆಂದು ವೈದ್ಯರು ಗಣಿಸುತ್ತಾರೆ. ಅಂಡಾಶಯವು ವಿಶ್ರಾಂತಿ ಪಡೆದ ಮೇಲೆ ಪೊರೆಯೂ ಸೊರಗಿ ತೆಳ್ಳಗಾಗುತ್ತದೆ. ಆದರೆ ದೇಹದಲ್ಲಿ ಈಸ್ಟ್ರೋಜನ್ ಸಂಪೂರ್ಣವಾಗಿ ಇಲ್ಲವಾಗುವುದಿಲ್ಲ. ಬೇರೆ ಹಾರ್ಮೋನುಗಳನ್ನು ಕೊಬ್ಬಿನ ಅಂಗಾಂಶವು ಈಸ್ಟ್ರೋಜನ್ನಾಗಿ ಮಾರ್ಪಡಿಸುತ್ತಿರುತ್ತದೆ. ಸ್ಥೂಲಕಾಯದವರಲ್ಲಿ ಗರ್ಭಕೋಶದ ಅರ್ಬುದ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಇದೊಂದು ಮುಖ್ಯ ಕಾರಣ. ಆದರೆ ಪೊರೆ ದಪ್ಪವಾಗಿದ್ದ ಮಾತ್ರಕ್ಕೆ ಅರ್ಬುದವೆಂದಲ್ಲ. ನಿರಪಾಯಕರವಾದ ದುರ್ಮಾಂಸದ ಕುಡಿ, ಸ್ತನದ ಅರ್ಬುದಕ್ಕೆಂದು ಸೇವಿಸುವ ಟಮಾಕ್ಸಿಫೆನ್ ಎಂಬ ಔಷಧ, ಹಾರ್ಮೋನಿನ ಮಾತ್ರೆ, ಇವೆಲ್ಲವೂ ಪೊರೆಯನ್ನು ದಪ್ಪವಾಗಿ ತೋರಿಸಬಲ್ಲವು.

ಹಾಗಾದರೆ ೪ ಮಿಲಿಮೀಟರ್ ಎಂಬ ಗಡಿ ಎಲ್ಲಿಂದ ಬಂದಿತು? ಗೊಂದಲದ ಮೂಲವಿರುವುದು ಇಲ್ಲಿಯೇ. ಋತುಬಂಧದ ಅನಂತರ ರಕ್ತಸ್ರಾವವಾದ ಸ್ತ್ರೀಯರನ್ನು ಪರೀಕ್ಷಿಸುವಾಗ ಎಲ್ಲರ ಗರ್ಭಕೋಶದಿಂದಲೂ ಪೊರೆಯ ಚೂರು ತೆಗೆದು ನೋಡಬೇಕೇ, ಕೆಲವರನ್ನು ಆ ತೊಂದರೆಯಿಂದ ಉಳಿಸಬಹುದೇ ಎಂಬ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಗಡಿ ಅದು. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಮಂಡಲಿಯು ೨೦೧೮ರಲ್ಲಿ ಹೇಳಿದಂತೆ, ರಕ್ತಸ್ರಾವವಾದವಳ ಪೊರೆಯು ೪ ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾಗಿದ್ದರೆ ಅರ್ಬುದವಿಲ್ಲವೆಂಬ ಭರವಸೆಯನ್ನು ನೂರಕ್ಕೆ ೯೯ ಪಾಲಿಗೂ ಮಿಗಿಲಾಗಿ ಕೊಡಬಹುದು. ಎಂದರೆ ಅದು ಅಪಾಯವನ್ನು ಸಾರುವ ಗಂಟೆಯಲ್ಲ. ಆತಂಕದಲ್ಲಿರುವವಳಿಗೆ ಸಮಾಧಾನ ಹೇಳಲು ಹಾಕಿದ ಗೆರೆ. ರಕ್ತಸ್ರಾವವೇ ಇಲ್ಲದ ಸ್ತ್ರೀಯರಿಗಾಗಿ ಅದನ್ನು ಯಾರೂ ರಚಿಸಲಿಲ್ಲ. ಸ್ರಾವವಿಲ್ಲದವಳ ಪೊರೆ ಆಕಸ್ಮಿಕವಾಗಿ ೪ ಮಿಲಿಮೀಟರಿಗಿಂತ ದಪ್ಪವಾಗಿ ಕಂಡ ಮಾತ್ರಕ್ಕೆ ಎಲ್ಲರಿಗೂ ಮುಂದಿನ ಪರೀಕ್ಷೆ ನಡೆಸಬೇಕಾದುದಿಲ್ಲವೆಂದೂ, ಆಯಾ ವ್ಯಕ್ತಿಯ ಅಪಾಯಕಾರಣಗಳನ್ನು ನೋಡಿ ನಿರ್ಧರಿಸಬೇಕೆಂದೂ ಅದೇ ಮಂಡಲಿ ಸ್ಪಷ್ಟವಾಗಿ ಹೇಳಿದೆ.

ಒಂದೇ ಅಂಕಿಗೆ ಇಬ್ಬರಲ್ಲಿ ಎರಡು ಅರ್ಥ ಹೇಗೆ ಸಾಧ್ಯವೆಂದು ವಾಚಕರು ಕೇಳಬಹುದು. ಇದು ಸಂಭಾವ್ಯತೆಯ ಗಣಿತ. ಆಷಾಢದಲ್ಲಿ ಮೋಡ ಕಂಡರೆ ಕೊಡೆ ಹಿಡಿಯುತ್ತೇವೆ. ಅಂಥದೇ ಮೋಡ ಮಾಘದಲ್ಲಿ ಕಂಡರೆ ಅಷ್ಟಾಗಿ ಲಕ್ಷಿಸುವುದಿಲ್ಲ. ಮೋಡ ಒಂದೇ, ಕಾಲ ಬೇರೆ. ಹಾಗೆಯೇ ಪರೀಕ್ಷೆಗೆ ಮೊದಲೇ ರೋಗದ ಸಂಭವ ಎಷ್ಟಿತ್ತೆಂಬುದರ ಮೇಲೆ ಪರೀಕ್ಷೆಯ ಫಲದ ಅರ್ಥ ನಿಂತಿರುತ್ತದೆ. ಅನೇಕ ಅಧ್ಯಯನಗಳನ್ನು ಕ್ರೋಡೀಕರಿಸಿ ೨೦೧೮ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ಋತುಬಂಧದ ಅನಂತರ ರಕ್ತಸ್ರಾವವಾದ ನೂರು ಮಂದಿಯಲ್ಲಿ ಸುಮಾರು ೯ ಮಂದಿಗೆ ಒಳಪೊರೆಯ ಅರ್ಬುದವಿರುತ್ತದೆ. ಸ್ರಾವವಿಲ್ಲದವರಲ್ಲಿ ಆ ಸಂಭವ ಇದಕ್ಕಿಂತ ಎಷ್ಟೋ ಪಟ್ಟು ಕಡಿಮೆ.

ಅಮೆರಿಕದ ಸಂಶೋಧಕಿ ರೆಬೆಕಾ ಸ್ಮಿತ್-ಬೈಂಡ್‌ಮನ್ ಮತ್ತು ಅವರ ಸಂಗಡಿಗರು ೨೦೦೪ರಲ್ಲಿ ಇದನ್ನೇ ಲೆಕ್ಕಹಾಕಿ ತೋರಿಸಿದರು. ಅವರ ಗಣನೆಯಂತೆ, ರಕ್ತಸ್ರಾವವಾದವಳ ಪೊರೆ ೫ ಮಿಲಿಮೀಟರಿಗಿಂತ ದಪ್ಪವಾಗಿದ್ದರೆ ಅರ್ಬುದದ ಸಂಭವ ನೂರಕ್ಕೆ ಸುಮಾರು ೭. ಸ್ರಾವವಿಲ್ಲದವಳಲ್ಲಿ ಹೆಚ್ಚುಕಡಮೆ ಅಷ್ಟೇ ಸಂಭವ ಬರಬೇಕಾದರೆ ಪೊರೆಯು ೧೧ ಮಿಲಿಮೀಟರನ್ನು ಮೀರಿರಬೇಕು. ಇದು ಗಣಿತದ ಮಾದರಿಯೇ ಹೊರತು ಶಿಲಾಶಾಸನವಲ್ಲ. ಆದರೂ ಕೆನಡಾದ ತಜ್ಞರ ಸಂಘವು ೨೦೧೦ರಲ್ಲಿ ಸ್ರಾವವಿಲ್ಲದವರ ವಿಷಯದಲ್ಲಿ ಇದೇ ೧೧ ಮಿಲಿಮೀಟರಿನ ಸುತ್ತ ತನ್ನ ಸಲಹೆಯನ್ನು ರೂಪಿಸಿತು. ಪೊರೆಯಲ್ಲಿ ರಕ್ತನಾಳಗಳ ಹೆಚ್ಚಳ, ಏರುಪೇರಾದ ರಚನೆ, ಗರ್ಭಕೋಶದೊಳಗೆ ಕಲಕಿದಂಥ ದ್ರವ ಇವು ಕಂಡರೆ ತಜ್ಞರ ಬಳಿಗೆ ಕಳುಹಿಸಬೇಕೆಂದೂ ಸೂಚಿಸಿತು. ನಮ್ಮ ಮೊದಲನೆಯ ಗೃಹಿಣಿಯ ೬ ಮಿಲಿಮೀಟರನ್ನು ಈ ಬೆಳಕಿನಲ್ಲಿ ನೋಡಿದರೆ, ಆಕೆಗೆ ಬೇಕಾದುದು ಶಸ್ತ್ರವಲ್ಲ, ನಾಲ್ಕು ಪ್ರಶ್ನೆಗಳು: ರಕ್ತ ಕಂಡಿದೆಯೇ, ಹಾರ್ಮೋನ್ ಅಥವಾ ಟಮಾಕ್ಸಿಫೆನ್ ಸೇವಿಸುತ್ತಿರುವಳೇ, ಸ್ಥೂಲತೆಯೋ ಮಧುಮೇಹವೋ ಇದೆಯೇ, ಹತ್ತಿರದ ರಕ್ತಸಂಬಂಧಿಗಳಿಗೆ ಗರ್ಭಕೋಶದ ಅಥವಾ ದೊಡ್ಡ ಕರುಳಿನ ಅರ್ಬುದ ಬಂದಿತ್ತೇ.

ಇದಕ್ಕೆ ಒಂದು ಆಕ್ಷೇಪವುಂಟು. ಅದನ್ನು ಲಘುವಾಗಿ ತಳ್ಳಿಹಾಕಲಾಗದು. ಅರ್ಬುದವಿದ್ದವರಲ್ಲಿ ನೂರಕ್ಕೆ ೯೦ ಮಂದಿಗೆ ಸ್ರಾವ ಕಾಣಿಸುವುದಾದರೆ ಉಳಿದ ಹತ್ತು ಮಂದಿಯ ಗತಿಯೇನು? ಅವರಿಗಾಗಿಯಾದರೂ ದಪ್ಪ ಪೊರೆಯುಳ್ಳ ಎಲ್ಲರನ್ನೂ ಪರೀಕ್ಷಿಸಬಾರದೇ? ಕೇಳಲು ನ್ಯಾಯವಾದ ಮಾತು. ಆದರೆ ಆ ಕೆಲವರನ್ನು ಹುಡುಕಲು ಅಸಂಖ್ಯ ಆರೋಗ್ಯವಂತ ಸ್ತ್ರೀಯರ ಗರ್ಭಕೋಶದೊಳಕ್ಕೆ ಉಪಕರಣ ತೂರಿಸಬೇಕಾಗುತ್ತದೆ. ಋತುಬಂಧದ ಅನಂತರ ಗರ್ಭಕೋಶದ ಕೊರಳು ಬಿಗಿದುಕೊಂಡಿರುವುದರಿಂದ ಈ ಪರೀಕ್ಷೆಯಲ್ಲಿ ನೋವು ಹೆಚ್ಚು. ಅಪರೂಪವಾಗಿಯಾದರೂ ಗೋಡೆಗೆ ತೂತು ಬೀಳುವ ಮತ್ತು ಸೋಂಕು ತಗಲುವ ಅಪಾಯವುಂಟು. ಸಾಮಾನ್ಯ ಸ್ತ್ರೀಯರೆಲ್ಲರನ್ನೂ ಹೀಗೆ ಶೋಧಿಸುವುದರಿಂದ ಸಾವುಗಳು ಕಡಿಮೆಯಾಗುತ್ತವೆಂಬುದು ಸಿದ್ಧಪಟ್ಟಿಲ್ಲ. ಆದುದರಿಂದಲೇ ರೋಗಲಕ್ಷಣವಿಲ್ಲದವರಿಗೆ ಇಂಥ ಶೋಧನೆಯನ್ನು ತಜ್ಞ ಸಂಸ್ಥೆಗಳು ವಿಧಿಸಿಲ್ಲ. ಟಮಾಕ್ಸಿಫೆನ್ ಸೇವಿಸುವವರಿಗೆ ಕೂಡ ಸ್ರಾವವಿಲ್ಲದಿದ್ದಲ್ಲಿ ವಾಡಿಕೆಯ ಸ್ಕ್ಯಾನಿಂಗ್ ಬೇಡವೆಂದೇ ಸಲಹೆ. ಹಾಗೆಂದು ಕುಲದಲ್ಲಿ ಅರ್ಬುದದ ಪರಂಪರೆಯುಳ್ಳವರನ್ನು ಈ ಮಾತಿನಲ್ಲಿ ಸೇರಿಸಕೂಡದು. ಅವರ ದಾರಿ ಬೇರೆ.

ಈಗ ಎರಡನೆಯ ಸ್ತ್ರೀಯ ಕಡೆಗೆ ತಿರುಗೋಣ. ಋತುಬಂಧದ ಅನಂತರ ಕಂಡ ರಕ್ತ ಒಂದೇ ಹನಿಯಾಗಿರಲಿ, ಒಂದೇ ಸಲ ಕಂಡಿರಲಿ, ಪರೀಕ್ಷೆಗೆ ಅರ್ಹವಾದುದು. ಹೆಚ್ಚಿನವರಲ್ಲಿ ಅದಕ್ಕೆ ಕಾರಣ ಪೊರೆ ಸೊರಗಿ ಒಣಗಿರುವುದೇ ಆಗಿರುತ್ತದೆ, ಹಾಗಿದ್ದರೆ ಸಂತೋಷ. ಆದರೆ ಅದನ್ನು ತಿಳಿಯಬೇಕಾದುದು ಪರೀಕ್ಷೆಯಿಂದ, ಊಹೆಯಿಂದಲ್ಲ. ಅರ್ಬುದವು ಗರ್ಭಕೋಶವನ್ನು ದಾಟಿ ಹೋಗುವ ಮೊದಲೇ ಪತ್ತೆಯಾದರೆ, ಅಮೆರಿಕದ ಅಂಕಿ ಅಂಶಗಳಂತೆ, ನೂರಕ್ಕೆ ೯೦ಕ್ಕೂ ಮಿಕ್ಕು ಮಂದಿ ಐದು ವರ್ಷಗಳ ಅನಂತರವೂ ಬದುಕಿರುತ್ತಾರೆ. ದೇಹವೇ ಮುಂಚಿತವಾಗಿ ಎಚ್ಚರಿಕೆ ಕೊಡುವ ಅರ್ಬುದಗಳು ಕೆಲವೇ, ಅವುಗಳಲ್ಲಿ ಇದೊಂದು. ಆ ಎಚ್ಚರಿಕೆಯನ್ನು ನಾಚಿಕೆಯಿಂದ ಮುಚ್ಚಿಡುವುದಕ್ಕಿಂತ ದೊಡ್ಡ ನಷ್ಟ ಬೇರಿಲ್ಲ.

ಪರೀಕ್ಷೆಗೆ ಬಂದವಳಿಗೂ ತೆಳುವಾದ ಪೊರೆ ಸಂಪೂರ್ಣ ಅಭಯವಲ್ಲ. ಅರ್ಬುದದ ಕೆಲವು ಉಗ್ರ ಜಾತಿಗಳು ಸೊರಗಿದ ಪೊರೆಯಲ್ಲಿಯೇ ಹುಟ್ಟಬಲ್ಲವು. ಅಮೆರಿಕದ ಕಪ್ಪು ಜನಾಂಗದ ಸ್ತ್ರೀಯರನ್ನು ಕುರಿತು ೨೦೨೪ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರ್ಬುದವಿದ್ದವರ ಪೈಕಿ ಸುಮಾರು ಹತ್ತರಲ್ಲೊಬ್ಬರ ಪೊರೆ ೫ ಮಿಲಿಮೀಟರಿಗಿಂತ ತೆಳುವಾಗಿಯೇ ಇದ್ದಿತು. ಒಂದು ಜನಸಮೂಹದಲ್ಲಿ ಅಳೆದು ನಿಶ್ಚಯಿಸಿದ ಗಡಿ ಇನ್ನೊಂದರಲ್ಲಿ ಹಾಗೆಯೇ ಸಲ್ಲುತ್ತದೆಂದು ನಂಬಬಾರದೆಂಬುದಕ್ಕೆ ಇದು ನಿದರ್ಶನ. ಆದುದರಿಂದ ಪೊರೆ ತೆಳುವೆಂದು ವರದಿ ಬಂದ ಮೇಲೂ ಸ್ರಾವ ಮರುಕಳಿಸಿದರೆ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಗಡ್ಡೆಗಳ ಮರೆಯಲ್ಲಿ, ಅಥವಾ ಗರ್ಭಕೋಶ ಓರೆಯಾಗಿರುವುದರಿಂದ, ಪೊರೆಯು ಪೂರ್ತಿಯಾಗಿ ಕಾಣದಿದ್ದರೆ 'ಕಾಣಲಿಲ್ಲ' ಎಂಬುದನ್ನು 'ಇಲ್ಲ' ಎಂದು ಓದಬಾರದು. ಹೊಟ್ಟೆಯ ಮೇಲಿನಿಂದ ಮಾಡಿದ ಅಳತೆಗೂ ಯೋನಿಯ ಮಾರ್ಗವಾಗಿ ಮಾಡಿದ ಅಳತೆಗೂ ನಿಷ್ಕೃಷ್ಟತೆಯಲ್ಲಿ ಅಂತರವುಂಟು. ಪೊರೆಯ ಎರಡು ಪದರಗಳನ್ನೂ ಕೂಡಿಸಿ, ಅತಿ ದಪ್ಪವಾದೆಡೆಯಲ್ಲಿ ಅಳೆಯಬೇಕು. ನಡುವೆ ದ್ರವ ನಿಂತಿದ್ದರೆ ಅದನ್ನು ಕಳೆಯಬೇಕು. ಅಳೆಯುವ ಕೈ ಬದಲಾದರೆ ಒಂದು ಮಿಲಿಮೀಟರಿನ ವ್ಯತ್ಯಾಸ ಬರುವುದು ಅಸಹಜವಲ್ಲ. ಇಂಥ ಅಳತೆಯ ದಶಾಂಶವನ್ನು ಹಿಡಿದು ಒಬ್ಬಳ ಭವಿಷ್ಯವನ್ನು ತೀರ್ಮಾನಿಸುವುದು ವಿಜ್ಞಾನವಲ್ಲ.

ಗರ್ಭಕೋಶವನ್ನು ತೆಗೆಸಿಬಿಡುವ ಆತುರದ ಬಗ್ಗೆಯೂ ಒಂದು ಮಾತು ಹೇಳಬೇಕು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ೧೫ರಿಂದ ೪೯ ವರ್ಷದೊಳಗಿನ ಸ್ತ್ರೀಯರಲ್ಲಿಯೇ ನೂರಕ್ಕೆ ಮೂವರಿಗಿಂತ ತುಸು ಹೆಚ್ಚು ಮಂದಿ ಗರ್ಭಕೋಶವನ್ನು ಕಳೆದುಕೊಂಡಿದ್ದರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರಕಾರವು ೨೦೨೨ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು; ಮೂರು ತಿಂಗಳೊಳಗೆ ಅವನ್ನು ಅಂಗೀಕರಿಸುವಂತೆ ೨೦೨೩ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿತು. ಇವು ಬಹುಮಟ್ಟಿಗೆ ಕಿರಿಯ ವಯಸ್ಸಿನವರ ವಿಚಾರವೆಂಬುದು ನಿಜ. ಆದರೆ ಹೆತ್ತು ಮುಗಿಸಿದ ಮೇಲೆ ಆ ಅಂಗ ಇದ್ದರೂ ಒಂದೇ, ಹೋದರೂ ಒಂದೇ ಎಂಬ ಮನೋಭಾವ ಎರಡು ಕಡೆಯೂ ಒಂದೇ. ಪರೀಕ್ಷೆಯಿಲ್ಲದೆ ತೆಗೆಯುವುದು ಎರಡು ಬಗೆಯಲ್ಲಿ ತಪ್ಪು. ರೋಗವಿಲ್ಲದಿದ್ದರೆ ಅರಿವಳಿಕೆ, ರಕ್ತನಷ್ಟ, ಮೂತ್ರನಾಳಕ್ಕೆ ಪೆಟ್ಟು ಬೀಳುವ ಸಂಭವ ಇವೆಲ್ಲವನ್ನೂ ವೃಥಾ ಅನುಭವಿಸಿದಂತಾಯಿತು. ಅರ್ಬುದವೇ ಇದ್ದರೆ, ಅದು ಎಲ್ಲಿಯವರೆಗೆ ಹಬ್ಬಿದೆಯೆಂದು ತಿಳಿದು ಮಾಡಬೇಕಾದ ಶಸ್ತ್ರಕ್ರಿಯೆಯನ್ನು ಕಣ್ಣು ಕಟ್ಟಿಕೊಂಡು ಮಾಡಿದಂತಾಯಿತು.

ಆದುದರಿಂದ ನನ್ನ ಸೂಚನೆಗಳು ಇವು. ಋತುಬಂಧವಾದವಳ ಸ್ಕ್ಯಾನಿಂಗ್ ವರದಿಯಲ್ಲಿ ಅಂಕಿಯ ಪಕ್ಕದಲ್ಲಿಯೇ 'ರಕ್ತಸ್ರಾವ ಇದೆ' ಅಥವಾ 'ಇಲ್ಲ' ಎಂಬುದನ್ನು ಕಡ್ಡಾಯವಾಗಿ ಬರೆಯತಕ್ಕದ್ದು. ಯಾವ ಮಾರ್ಗದಿಂದ ಅಳೆದರು, ಪೊರೆ ಪೂರ್ತಿಯಾಗಿ ಕಂಡಿತೇ, ಔಷಧಗಳ ಸೇವನೆಯಿದೆಯೇ ಎಂಬುದನ್ನೂ ನಮೂದಿಸತಕ್ಕದ್ದು. ಅಂಕಿಯನ್ನು ದಪ್ಪಕ್ಷರಗಳಲ್ಲಿ ಅಚ್ಚುಹಾಕುವ ಬದಲು, ಅದರ ಅರ್ಥವನ್ನು ರೋಗಿಗೆ ತಿಳಿಯುವಂತೆ ಎರಡು ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆದುಕೊಡತಕ್ಕದ್ದು. ಇದಕ್ಕೆ ಹೊಸ ಯಂತ್ರ ಬೇಡ, ಹಣ ಬೇಡ. ಒಂದು ನಿಮಿಷದ ಮಾತುಕತೆ ಸಾಕು.

ಮನೆಯವರು ಮಾಡಬೇಕಾದುದೂ ಇದೆ. ತಾಯಿ, ಅತ್ತೆ, ಅಜ್ಜಿಯರಿಗೆ ಮುಟ್ಟು ನಿಂತಿತೆಂದರೆ ಆ ಅಧ್ಯಾಯ ಮುಗಿಯಿತೆಂದು ನಾವು ಮೌನ ವಹಿಸುತ್ತೇವೆ. ಮತ್ತೆ ರಕ್ತ ಕಂಡರೆ ಕೂಡಲೆ ಹೇಳಬೇಕೆಂದು ಒಮ್ಮೆಯಾದರೂ ಅವರಿಗೆ ಬಿಡಿಸಿ ಹೇಳಿರಬೇಕು. ಮೊದಲನೆಯ ಗೃಹಿಣಿಯು ವೈದ್ಯರ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಟ್ಟು ನೆಮ್ಮದಿಯಿಂದ ಮನೆಗೆ ಹೋಗಲಿ. ಎರಡನೆಯವಳು ನಾಚಿಕೆಯನ್ನು ಬದಿಗಿಟ್ಟು ನಾಳೆಯೇ ವೈದ್ಯರಲ್ಲಿಗೆ ಹೊರಡಲಿ.